ಕಾಗದ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿದ ಬಗೆ

ಜೆರಾಕ್ಸ್ ಯಂತ್ರದ ಚರಿತ್ರೆ ಎಂದರೆ ಹೆಚ್ಚಿನವರು ಚೆಸ್ಟರ್ ಕಾರ್ಲ್‌ಸನ್ ಹೆಸರಿನಿಂದ ಶುರುಮಾಡಿ ಅಲ್ಲಿಗೇ ಮುಗಿಸಿಬಿಡುತ್ತಾರೆ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾ ಎಂಬಲ್ಲಿ ಆತ ಮತ್ತು ಸಹಾಯಕ ಒಟ್ಟೊ ಕೊರ್ನೈ ಸೇರಿ, ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶ ಬರಿಸಿ, ಬೆಳಕು ಹಾಯಿಸಿ, ಮೇಲೆ ಪುಡಿ ಉದುರಿಸಿ, ಮೇಣದ ಕಾಗದಕ್ಕೆ ಒಂದು ಸಾಲು ಅಕ್ಷರ ಇಳಿಸಿದರು. ಇದು ಎಲ್ಲ ಪಾಠಗಳಲ್ಲೂ ಇದೆ. ಆದರೆ ಆ ಮೇಣದ ಕಾಗದವನ್ನು ತಗಡಿನ ಮೇಲಿಟ್ಟು ಒತ್ತಿದ್ದು, ಮತ್ತೆ ಎಬ್ಬಿಸಿದ್ದು ಮನುಷ್ಯನ ಕೈ ಎಂಬುದನ್ನು ಯಾರೂ ಬರೆಯುವುದಿಲ್ಲ. 1949ರಲ್ಲಿ ಹ್ಯಾಲಾಯ್ಡ್ ಕಂಪೆನಿ ಮಾರುಕಟ್ಟೆಗೆ ತಂದ ಮೊದಲ ಯಂತ್ರ 'ಮಾಡೆಲ್ ಎ'ಯಲ್ಲೂ ಅದೇ ಕಥೆ. ಎಲ್ಲವನ್ನೂ ಕೈಯಲ್ಲೇ ಹೊತ್ತು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾಕಬೇಕು. ಕೈಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಇನ್ನೂ ಹತ್ತು ವರ್ಷ ಹಿಡಿಯಿತು. ನಾವು ಇಲ್ಲಿ ಹೇಳಹೊರಟಿರುವುದು ಈ ಎರಡನೆಯ ಚರಿತ್ರೆಯನ್ನು. ಚಿತ್ರ ಮೂಡಿದ್ದಲ್ಲ, ಕಾಗದ ನಡೆದದ್ದು.

1959ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಜೆರಾಕ್ಸ್ 914 ಮೊದಲ ಬಾರಿ ಜನರ ಮುಂದೆ ಬಂತು. ಮಾಮೂಲು ಕಾಗದದ ಮೇಲೆ ಗುಂಡಿ ಒತ್ತಿದರೆ ಪ್ರತಿ ಬರುವ ಮೊದಲ ಯಂತ್ರ. 9 ಇಂಚು ಅಗಲ 14 ಇಂಚು ಉದ್ದದ ಹಾಳೆಯವರೆಗೆ ನಕಲು ಮಾಡುತ್ತಿದ್ದುದರಿಂದ 914 ಎಂದು ಹೆಸರು. ತೂಕ 648 ಪೌಂಡು, ಅಂದರೆ ಮೂರು ಕ್ವಿಂಟಲಿಗೆ ಸ್ವಲ್ಪ ಕಡಿಮೆ. ವೇಗ ನಿಮಿಷಕ್ಕೆ ಏಳು ಪ್ರತಿ. ಆ ದಿನ ತಂದಿದ್ದ ಎರಡು ಯಂತ್ರಗಳಲ್ಲಿ ಒಂದಕ್ಕೆ ಬೆಂಕಿ ಹಿಡಿಯಿತಂತೆ! ಇನ್ನೊಂದು ಚೆನ್ನಾಗಿ ಕೆಲಸ ಮಾಡಿ ಮಾನ ಉಳಿಸಿತು.

ಬೆಂಕಿ ಏಕೆ ಹಿಡಿಯಿತು ಎಂಬುದರಲ್ಲೇ ನಮ್ಮ ವಿಷಯ ಅಡಗಿದೆ. ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಯಂತ್ರದೊಳಗೆ ಒಂದು ಒಲೆ ಇತ್ತು. ಕಾಗದ ಅದರ ಕೆಳಗೆ ನಡೆಯುತ್ತಾ ಹೋದರೆ ಸರಿ. ಎಲ್ಲಾದರೂ ಸಿಕ್ಕಿ ಒಲೆಯ ಕೆಳಗೆ ನಿಂತರೆ ಸುಡಲು ಶುರು. ಕಾಗದ ನಿಂತಿದೆ ಎಂಬುದು ಯಂತ್ರಕ್ಕೆ ಗೊತ್ತಾದಾಗ ತಡವಾಗಿರುತ್ತಿತ್ತು. ಅದಕ್ಕಾಗಿ ಕಂಪೆನಿಯವರು ಯಂತ್ರದ ಜೊತೆ ಒಂದು ಪುಟ್ಟ ಬೆಂಕಿ ನಂದಿಸುವ ಸಾಧನವನ್ನೂ ಕೊಟ್ಟರು. ಅದನ್ನು 'ಬೆಂಕಿ ಆರಿಸುವುದು' ಎಂದು ಕರೆದರೆ ಗಿರಾಕಿ ಹೆದರಿಯಾನು ಎಂದು 'ಕರಕಲು ನಿವಾರಕ' ಎಂಬ ಅರ್ಥದ ಹೆಸರಿಟ್ಟರು! ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ತನ್ನ ಕಚೇರಿಯ ಯಂತ್ರ ನಾಲ್ಕು ತಿಂಗಳಲ್ಲಿ ಮೂರು ಸಲ ಹೊತ್ತಿಕೊಂಡಿತೆಂದು ದೂರಿದ್ದರು.

914ರಲ್ಲಿ ಕಟ್ಟಿನಿಂದ ಒಂದೊಂದು ಹಾಳೆಯನ್ನು ಎಬ್ಬಿಸಲು ಗಾಳಿ ಊದುವ ಏರ್ಪಾಡಿತ್ತು. ಗಾಳಿಯ ಊದು ತಪ್ಪಿದರೆ ಹಾಳೆ ಏಳದು, ಅಥವಾ ಸೊಟ್ಟಗೆ ಎದ್ದೀತು. 1967ರಲ್ಲಿ ಜಾನ್ ಬ್ರೂಕ್ಸ್ ಎಂಬ ಲೇಖಕರು 'ನ್ಯೂಯಾರ್ಕರ್' ಪತ್ರಿಕೆಗೆ ಬರೆದ ಪ್ರಬಂಧದಲ್ಲಿ, ಈ ತಪ್ಪಿಗೆ ಆ ಕೆಲಸದವರ ನಡುವೆ ಒಂದು ಪ್ರತ್ಯೇಕ ಹೆಸರೇ ಇದ್ದುದನ್ನು ದಾಖಲಿಸಿದ್ದಾರೆ. ಯಂತ್ರ ನೋಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳಿಗೆ ಅದರ ಸದ್ದು, ವಾಸನೆ, ಸಿಟ್ಟು ಎಲ್ಲ ಗೊತ್ತಿತ್ತು. ಯಂತ್ರಕ್ಕೆ ತನ್ನ ಬಗ್ಗೆ ಏನೂ ಗೊತ್ತಿರಲಿಲ್ಲ.

ಅದೇ 1959ರಲ್ಲಿ ಐಬಿಎಂ ಕಂಪೆನಿ 1401 ಕಂಪ್ಯೂಟರಿನ ಜೊತೆಗೆ 1403 ಎಂಬ ಮುದ್ರಣಯಂತ್ರವನ್ನು ಹೊರತಂದಿತು. ನಿಮಿಷಕ್ಕೆ 600 ಸಾಲು. ಅದಕ್ಕೆ ಈ ಗೋಳೇ ಇರಲಿಲ್ಲ. ಅದರ ಕಾಗದದ ಎರಡೂ ಅಂಚಿನಲ್ಲಿ ಸಾಲಾಗಿ ತೂತುಗಳಿದ್ದವು, ತೂತಿಗೆ ಹಲ್ಲು ಸಿಕ್ಕಿಸಿ ಎಳೆದರೆ ಮುಗಿಯಿತು. ಅಮೆರಿಕದ ಡೇಟನ್‌ನಲ್ಲಿ ಸ್ಟ್ಯಾಂಡರ್ಡ್ ರಿಜಿಸ್ಟರ್ ಕಂಪೆನಿ 1912ರಲ್ಲಿ ಹುಟ್ಟಿದ್ದೇ ಇಂಥ ತೂತಿನ ಕಾಗದದ ಉಪಾಯವನ್ನು ನಂಬಿಕೊಂಡು. ನಮ್ಮಲ್ಲಿ ಬ್ಯಾಂಕಿನಲ್ಲೂ ರೈಲ್ವೆ ಕೌಂಟರಿನಲ್ಲೂ ಕಿರ್ ಕಿರ್ ಎನ್ನುತ್ತಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಾಗದ ನಿಮಗೆ ನೆನಪಿರಬಹುದು, ಅಂಚು ಹರಿದು ಮಕ್ಕಳಿಗೆ ಆಟಕ್ಕೆ ಕೊಡುತ್ತಿದ್ದೆವಲ್ಲ, ಅದೇ. 1403ರಲ್ಲಿ ಇನ್ನೂ ಒಂದು ಚಂದದ ಸಂಗತಿ ಇತ್ತು. ಪುಟದ ಎಲ್ಲಿಗೆ ಹಾರಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಲು ಬಳೆಯಂತೆ ಅಂಟಿಸಿದ ಒಂದು ಕಾಗದದ ಪಟ್ಟಿ, ಅದರಲ್ಲಿ 12 ಸಾಲು ತೂತುಗಳು. ಮುದ್ರಣದ ಕಾಗದ ಸರಿದಷ್ಟೇ ಈ ಪಟ್ಟಿಯೂ ಸರಿಯುತ್ತಿತ್ತು. ಆದ್ದರಿಂದ ಕಾಗದ ಎಲ್ಲಿದೆ ಎಂದು ಯಂತ್ರಕ್ಕೆ ಸದಾ ಗೊತ್ತು. ಹಲ್ಲಿಗೆ ಕಚ್ಚಿದ ಕಾಗದ ಸುಳ್ಳು ಹೇಳುವುದಿಲ್ಲ.

ಬಿಡಿ ಹಾಳೆ ಹಾಗಲ್ಲ. ಅದನ್ನು ಹಿಡಿಯಲು ತೂತಿಲ್ಲ, ಹಿಡಿ ಇಲ್ಲ. ಇರುವುದು ರಬ್ಬರ್ ರೋಲರಿನ ಘರ್ಷಣೆಯೊಂದೇ. ಒಂದು ರೀಮಿನಲ್ಲಿ 500 ಹಾಳೆ, ಮೇಲಿನ ಒಂದನ್ನು ಮಾತ್ರ ಎಳೆಯಬೇಕು. ರೋಲರು ಮೇಲಿನ ಹಾಳೆಯನ್ನು ಎಳೆದಾಗ ಅದಕ್ಕೂ ಕೆಳಗಿನದಕ್ಕೂ ನಡುವಿನ ಘರ್ಷಣೆಯಿಂದ ಎರಡನೆಯದೂ ಹೊರಡುತ್ತದೆ. ಅದನ್ನು ತಡೆಯಲು ಕೆಳಗೊಂದು ತಡೆ ರೋಲರು ಅಥವಾ ರಬ್ಬರಿನ ಪಟ್ಟಿ. ಇಡೀ ವ್ಯವಹಾರ ನಿಂತಿರುವುದು ಒಂದು ಲೆಕ್ಕದ ಮೇಲೆ: ರಬ್ಬರಿಗೂ ಕಾಗದಕ್ಕೂ ಇರುವ ಹಿಡಿತ, ಕಾಗದಕ್ಕೂ ಕಾಗದಕ್ಕೂ ಇರುವ ಹಿಡಿತಕ್ಕಿಂತ ಹೆಚ್ಚಾಗಿರಬೇಕು. ಹೊಸ ರಬ್ಬರಿನಲ್ಲಿ ಹೆಚ್ಚೇ ಇರುತ್ತದೆ. ಆದರೆ ಕಾಗದದಲ್ಲಿ ಬಿಳುಪಿಗೆಂದು ಸೇರಿಸಿದ ಸುಣ್ಣದ ಪುಡಿಯಂಥದು, ಕ್ಯಾಲ್ಸಿಯಂ ಕಾರ್ಬೊನೇಟು, ಉದುರಿ ರೋಲರಿಗೆ ಮೆತ್ತುತ್ತದೆ. ರಬ್ಬರು ನುಣುಪಾಗಿ ಹೊಳೆಯತೊಡಗುತ್ತದೆ. ಒಂದು ದಿನ ಈ ಲೆಕ್ಕ ತಲೆಕೆಳಗಾಗುತ್ತದೆ. ರಿಪೇರಿಯವರು ಬಂದು ಮಾಡುವ ಮೊದಲ ಕೆಲಸ ಬಟ್ಟೆಗೆ ಸ್ಪಿರಿಟ್ ಹಚ್ಚಿ ರೋಲರು ಒರೆಸುವುದು ಇದಕ್ಕೇ.

ಇನ್ನು ನೀರಿನ ವಿಷಯ. ಇದನ್ನು ಕರಾವಳಿಯ ನಾವು ಹೇಳದೆ ಇನ್ಯಾರು ಹೇಳಬೇಕು? ಕಾಗದ ಎಂದರೆ ಮರದ ನಾರು. ಗಾಳಿಯಲ್ಲಿ ತೇವ ಹೆಚ್ಚಾದರೆ ಕುಡಿಯುತ್ತದೆ, ಕಡಿಮೆಯಾದರೆ ಬಿಡುತ್ತದೆ. ನಾರು ತೇವ ಕುಡಿದಾಗ ಉದ್ದಕ್ಕೆ ಬೆಳೆಯುವುದಕ್ಕಿಂತ ಬಹಳ ಹೆಚ್ಚು ದಪ್ಪಕ್ಕೆ ಉಬ್ಬುತ್ತದೆ. ಕಾರ್ಖಾನೆಯಲ್ಲಿ ಕಾಗದ ಓಡುವ ದಿಕ್ಕಿಗೇ ನಾರುಗಳು ಮಲಗಿರುವುದರಿಂದ ಹಾಳೆ ಒಂದು ಕಡೆಗೆ ಹೆಚ್ಚು ಹಿಗ್ಗುತ್ತದೆ, ಅಂಚು ಅಲೆಯಲೆಯಾಗುತ್ತದೆ. ಮೇಲಾಗಿ ತೇವದ ಕಾಗದ ವಿದ್ಯುತ್ತನ್ನು ಸೋರಿಸುತ್ತದೆ, ಡ್ರಮ್ಮಿನಿಂದ ಪುಡಿಯನ್ನು ಸೆಳೆದುಕೊಳ್ಳುವ ಶಕ್ತಿ ಕುಂದುತ್ತದೆ. ಬಿಸಿ ರೋಲರಿನಿಂದ ಹೊರಬಂದ ಹಾಳೆ ಒಣಗಿ ಸುರುಳಿಯಾಗುತ್ತದೆ, ಹಿಂಬದಿಗೆ ಅಚ್ಚು ಹಾಕಲು ಅದನ್ನೇ ಮತ್ತೆ ಒಳಗೆ ಕಳಿಸಿದರೆ ಕೇಳಬೇಡಿ. ಕಾಸರಗೋಡಿನ ಜುಲೈ ತಿಂಗಳ ಮಳೆಯಲ್ಲಿ ಬಿಡಿಸಿಟ್ಟ ಕಾಗದದ ಕಟ್ಟು ಮರುದಿನ ಹಪ್ಪಳದಂತೆ ಮೆತ್ತಗಾಗಿರುತ್ತದೆ. ಕನ್ನಡ ಪಠ್ಯಪುಸ್ತಕ ತಡವಾಗಿ ತಲುಪಿದ ವರ್ಷಗಳಲ್ಲಿ, ಒಂದೇ ಪ್ರತಿಯಿಂದ ಪಾಠವನ್ನು ಮೂವತ್ತು ಮಕ್ಕಳಿಗೆ ನಕಲು ಮಾಡಿಸಲು ಅಂಗಡಿಯ ಮುಂದೆ ನಿಂತವರಿಗೆಲ್ಲ ಈ ಶಾಸ್ತ್ರ ಬಾಯಿಪಾಠ. ಹದಿನೆಂಟನೆಯ ಪ್ರತಿಗೆ ಯಂತ್ರ ನಿಲ್ಲುತ್ತದೆ, ಕೆಂಪು ದೀಪ ಹತ್ತುತ್ತದೆ, ಅಂಗಡಿಯವರು "ಪೇಪರ್ ತಂಪು ಹಿಡಿದಿದೆ ಮಾಷ್ಟ್ರೇ" ಎನ್ನುತ್ತಾರೆ. ಮಲೆಯಾಳದ ಮಕ್ಕಳಿಗೆ ಪುಸ್ತಕ ಬಂದಿರುತ್ತದೆ, ನಮ್ಮವರಿಗೆ ಆ ಮೂವತ್ತು ಹಾಳೆಯೇ ಪುಸ್ತಕ. ಟ್ರೇಯ ಕೆಳಗೆ ಇಡುವ ಸಣ್ಣ ಹೀಟರನ್ನು ಯಂತ್ರದ ಕಂಪೆನಿಗಳೇ ಮಾರುತ್ತವೆ, ಗೊತ್ತಿರುವವರು ಕಡಿಮೆ.

ಹಾಗಾದರೆ 'ಜಾಮ್' ಎಂದರೇನು? ಕಾಗದ ಮುದ್ದೆಯಾಗಿ ಸಿಕ್ಕಿಕೊಳ್ಳುವುದು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಹಾಗಲ್ಲ. ಬಾಗಿಲು ತೆರೆದು ನೋಡಿದರೆ ಹಾಳೆ ಒಂದು ಸುಕ್ಕೂ ಇಲ್ಲದೆ ಮಲಗಿರುತ್ತದೆ. ಅದು ಮಾಡಿದ ತಪ್ಪು ಇಷ್ಟೇ, ಹೇಳಿದ ಹೊತ್ತಿಗೆ ಬರಲಿಲ್ಲ. ಯಂತ್ರದ ದಾರಿಯಲ್ಲಿ ಅಲ್ಲಲ್ಲಿ ಸೆನ್ಸರುಗಳಿವೆ. ಹಾಳೆಯ ಮುಂದಿನ ಅಂಚು ಇಂತಿಷ್ಟು ಹೊತ್ತಿಗೆ ಇಲ್ಲಿಗೆ ಬರಬೇಕು, ಸ್ವಲ್ಪ ಹೆಚ್ಚು ಕಡಿಮೆ ನಡೆಯುತ್ತದೆ, ಅದನ್ನೂ ಮೀರಿದರೆ ಎಲ್ಲ ಮೋಟಾರು ನಿಲ್ಲಿಸು ಎಂಬುದು ಆಜ್ಞೆ. ಒಂದು ಲೆಕ್ಕ ಮಾಡೋಣ. ನಿಮಿಷಕ್ಕೆ 60 ಪುಟದ ಯಂತ್ರದಲ್ಲಿ ಎ4 ಹಾಳೆ ಉದ್ದಕ್ಕೆ ಓಡಿದರೆ, 297 ಮಿಲಿಮೀಟರಿನ ಹಾಳೆ, ನಡುವೆ ಸ್ವಲ್ಪ ಅಂತರ ಸೇರಿ ಸೆಕೆಂಡಿಗೆ ಸುಮಾರು 350 ಮಿಲಿಮೀಟರು ವೇಗ. ಸೆಕೆಂಡಿನ ನೂರರಲ್ಲಿ ಒಂದು ಪಾಲು ತಡವಾದರೂ ಅಚ್ಚು ಮೂರೂವರೆ ಮಿಲಿಮೀಟರು ಜಾರುತ್ತದೆ. 20 ಮಿಲಿಮೀಟರು ವ್ಯಾಸದ ರೋಲರು ಸವೆದು 19.8 ಆಯಿತೆನ್ನಿ, ಕಣ್ಣಿಗೆ ಕಾಣದು. ಆದರೆ ಅದು ಶೇಕಡಾ 1ರಷ್ಟು ನಷ್ಟ. ಒಂದು ಮೀಟರು ದಾರಿಯಲ್ಲಿ ಹಾಳೆ 10 ಮಿಲಿಮೀಟರು ಹಿಂದೆ ಬಿದ್ದಿರುತ್ತದೆ.

ಹಳೆಯ ಯಂತ್ರಗಳಿಗೆ ಇದನ್ನು ಸರಿಪಡಿಸುವ ದಾರಿಯೇ ಇರಲಿಲ್ಲ. ಒಂದೇ ದೊಡ್ಡ ಮೋಟಾರು, ಅದರಿಂದ ಸರಪಳಿ, ಗೇರು, ಕ್ಲಚ್ಚುಗಳ ಮೂಲಕ ಎಲ್ಲ ರೋಲರುಗಳೂ ತಿರುಗುತ್ತಿದ್ದವು. ಒಂದು ಹಾಳೆಯನ್ನು ಮಾತ್ರ ಅವಸರಪಡಿಸುವಂತಿಲ್ಲ, ಓಡಿದರೆ ಎಲ್ಲರೂ ಒಟ್ಟಿಗೆ ಓಡಬೇಕು. ಇದ್ದ ಒಂದೇ ತಿದ್ದುಪಡಿಯೆಂದರೆ ಡ್ರಮ್ಮಿನ ಮುಂದೆ ನಿಂತಿರುವ ಒಂದು ಜೋಡಿ ರೋಲರು. ಹಾಳೆ ಬಂದು ಅದಕ್ಕೆ ಮೂಗು ತಾಗಿಸಿ ಸ್ವಲ್ಪ ಡೊಂಕಾಗಿ ನಿಲ್ಲುತ್ತದೆ, ಸೊಟ್ಟಗಿದ್ದರೆ ನೇರವಾಗುತ್ತದೆ, ಆಮೇಲೆ ಕ್ಲಚ್ಚು ಹಿಡಿದು ರೋಲರು ತಿರುಗುತ್ತದೆ. ಪ್ರಾರ್ಥನೆಗೆ ಮಕ್ಕಳನ್ನು ಗೆರೆಗೆ ಹೆಬ್ಬೆರಳು ತಾಗಿಸಿ ನಿಲ್ಲಿಸಿ ಆಮೇಲೆ ನಡೆಸುತ್ತೇವಲ್ಲ, ಹಾಗೆಯೇ. ಸರಳವಾದ ಉಪಾಯ, ಇಂದಿಗೂ ಅಂಗಡಿಯ ಯಂತ್ರಗಳಲ್ಲಿ ಇದೆ. ಆದರೆ ಪ್ರತಿ ಹಾಳೆಯೂ ಒಂದು ಗಳಿಗೆ ನಿಲ್ಲಬೇಕಾದ್ದರಿಂದ ವೇಗಕ್ಕೆ ಮಿತಿ.

ವೇಗವಂತೂ ಏರುತ್ತಲೇ ಹೋಯಿತು. 1964ರಲ್ಲಿ ಘೋಷಿಸಿದ ಜೆರಾಕ್ಸ್ 2400 ಗಂಟೆಗೆ 2400 ಪ್ರತಿ ತೆಗೆಯುತ್ತಿತ್ತು, 1974ರ 9200 ಸೆಕೆಂಡಿಗೆ ಎರಡು. ಈ ವೇಗಕ್ಕೆ ಕ್ಯಾಮು, ಸ್ವಿಚ್ಚುಗಳ ಗಡಿಯಾರ ಸಾಲದಾಯಿತು. ಅದೇ ಎಪ್ಪತ್ತರ ದಶಕದಲ್ಲಿ ಮೈಕ್ರೊಪ್ರೊಸೆಸರ್ ಅಗ್ಗವಾದದ್ದು ಒಳ್ಳೆಯದಾಯಿತು. 1982ರಲ್ಲಿ ಬಂದ ಜೆರಾಕ್ಸಿನ '10 ಸರಣಿ'ಯ ಯಂತ್ರಗಳಲ್ಲಿ ಒಂದಲ್ಲ, ಹಲವು ಪ್ರೊಸೆಸರುಗಳು ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದವು. ಜಪಾನಿನ ಕ್ಯಾನನ್ ಕಂಪೆನಿ ಅದೇ ವರ್ಷ ಬೇರೆಯೇ ದಾರಿ ಹಿಡಿಯಿತು. ಡ್ರಮ್ಮನ್ನೇ ಚಿಕ್ಕದು ಮಾಡಿ ಟೋನರಿನ ಜೊತೆ ಒಂದೇ ಡಬ್ಬಿಯಲ್ಲಿಟ್ಟಿತು. ಡ್ರಮ್ಮು ಸಣ್ಣದಾದರೆ ಅದರ ತಿರುವು ಕಡಿದು, ಕಾಗದ ತನ್ನ ಬಿಗುವಿನಿಂದಲೇ ಬಿಟ್ಟುಕೊಂಡು ಬರುತ್ತದೆ, ಕಿತ್ತು ತೆಗೆಯುವ ಏರ್ಪಾಡು ಹಗುರಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಆ ಕಾಲದ ಅತ್ಯಂತ ಜಾಣ ಸುಧಾರಣೆ ಇದೇ, ಒಂದು ಸಾಲು ಪ್ರೋಗ್ರಾಮನ್ನೂ ಬರೆಯದೆ ಮಾಡಿದ್ದು! ಈ ತಳಿಯ ಕ್ಯಾನನ್ ಎಂಜಿನ್ನನ್ನೇ ಹಾಕಿ ಎಚ್‌ಪಿಯವರು 1984ರಲ್ಲಿ ಮೊದಲ ಲೇಸರ್‌ಜೆಟ್ ಮಾರಿದರು, ನಿಮಿಷಕ್ಕೆ 8 ಪುಟ.

ಯಂತ್ರಕ್ಕೆ ಬುದ್ಧಿ ಬಂದರೂ ಬಾಯಿ ಬರಲು ತಡವಾಯಿತು. ಲೇಸರ್‌ಜೆಟ್‌ಗಳ ಪುಟ್ಟ ಪರದೆಯಲ್ಲಿ 'ಪಿಸಿ ಲೋಡ್ ಲೆಟರ್' ಎಂದು ಬರುತ್ತಿದ್ದುದನ್ನು ಕಂಡವರಿದ್ದಾರೆ. ಪತ್ರ ಹಾಕು ಎನ್ನುತ್ತಿದೆಯೋ ಕಂಪ್ಯೂಟರಿಗೆ ಬೈಯುತ್ತಿದೆಯೋ ತಿಳಿಯದು. 'ಪಿಸಿ' ಎಂದರೆ ಅಲ್ಲಿ ಕಾಗದದ ಪೆಟ್ಟಿಗೆ, 'ಲೆಟರ್' ಎಂದರೆ 216 ಗುಣಿಸು 279 ಮಿಲಿಮೀಟರಿನ ಅಮೆರಿಕನ್ ಅಳತೆ. ನಮ್ಮ ಎ4 ಅದಕ್ಕಿಂತ 6 ಮಿಲಿಮೀಟರು ಸಪೂರ, 18 ಮಿಲಿಮೀಟರು ಉದ್ದ. ಕಡತ ಅಮೆರಿಕದ ಅಳತೆಯಲ್ಲಿದ್ದು ಪೆಟ್ಟಿಗೆಯಲ್ಲಿ ಎ4 ಇದ್ದರೆ ಪ್ರಿಂಟರು ಮುಷ್ಕರ ಹೂಡುತ್ತಿತ್ತು.

ಇದೇ ಎಂಬತ್ತರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸಿನ ಸಂಶೋಧನಾ ಕೇಂದ್ರ, ಪಾರ್ಕ್, ಒಂದು ವಿಚಿತ್ರ ಕೆಲಸ ಮಾಡಿತು. ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ, ದೊಡ್ಡ ಕಾಪಿಯರ್ ಒಂದರ ಮುಂದೆ ಜನ ಒದ್ದಾಡುವುದನ್ನು ಚಿತ್ರೀಕರಿಸಿದರು. ಹಾಗೆ ಒದ್ದಾಡಿದವರಲ್ಲಿ ಒಬ್ಬರು ಅಲೆನ್ ನ್ಯೂವೆಲ್, ಕೃತಕ ಬುದ್ಧಿಮತ್ತೆ ಎಂಬ ಶಾಸ್ತ್ರವನ್ನು ಕಟ್ಟಿದವರಲ್ಲೊಬ್ಬರು! ಸಚ್‌ಮನ್ 1987ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಇದು: ಬಾಗಿಲು ತೆರೆಯಿತು, ಗುಂಡಿ ಒತ್ತಿತು, ಹಾಳೆ ಇಟ್ಟಿತು ಎಂಬ ನಾಲ್ಕಾರು ಸುಳಿವಿನಿಂದ ಯಂತ್ರ ಎದುರಿಗಿರುವವರ ಉದ್ದೇಶವನ್ನು ಊಹಿಸುತ್ತದೆ, ಉಳಿದದ್ದು ಅದಕ್ಕೆ ಕತ್ತಲೆ. ಕೆಲವು ವರ್ಷಗಳ ಮೇಲೆ ಜೂಲಿಯನ್ ಓರ್ ಎಂಬವರು ಅದೇ ಕೇಂದ್ರದಿಂದ ರಿಪೇರಿಯವರ ಹಿಂದೆ ಊರೂರು ಸುತ್ತಿದರು. 1996ರಲ್ಲಿ ಪುಸ್ತಕವಾದ ಅವರ ಅಧ್ಯಯನದ ತಿರುಳು ರಿಪೇರಿಯವರ ಮನ ತಣಿಸುವಂಥದು. ಕಂಪೆನಿ ಕೊಟ್ಟ ದಪ್ಪ ಕೈಪಿಡಿಯಿಂದಲ್ಲ, ಊಟದ ಹೊತ್ತಿಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳಿಂದ ಯಂತ್ರಗಳು ದುರಸ್ತಿಯಾಗುತ್ತಿದ್ದವು. ಆ ಕಥೆಗಳನ್ನು ಕೂಡಿಹಾಕುವ 'ಯುರೇಕಾ' ಎಂಬ ಏರ್ಪಾಡನ್ನು ತೊಂಬತ್ತರ ದಶಕದಲ್ಲಿ ಮೊದಲು ಫ್ರಾನ್ಸಿನ ರಿಪೇರಿಯವರ ನಡುವೆ ಬಳಕೆಗೆ ತಂದರು. ನಿಯಂತ್ರಣ ಎಂದರೆ ಬರೇ ಸರ್ಕ್ಯೂಟು ಎಂದು ತಿಳಿದವರು ಈ ಅಧ್ಯಾಯವನ್ನು ಬಿಟ್ಟುಬಿಡುತ್ತಾರೆ. ನಮಗೇನೋ ಅದು ಸರಿ ಕಾಣುವುದಿಲ್ಲ.

ಈಗ ಮೋಟಾರಿಗೆ ಬರೋಣ. ಒಂದು ಮೋಟಾರಿನ ಬದಲು ದಾರಿಯ ತುಂಡು ತುಂಡಿಗೆ ಒಂದೊಂದು ಮೋಟಾರು ಇಟ್ಟರೆ? ಹಿಂದೆ ಬಿದ್ದ ಹಾಳೆಯನ್ನು ಆ ತುಂಡಿನಲ್ಲಿ ಮಾತ್ರ ವೇಗವಾಗಿ ಓಡಿಸಬಹುದು, ಮುಂದೆ ಹೋದದ್ದನ್ನು ನಿಧಾನಿಸಬಹುದು. ಬರ್ಕ್‌ಲಿಯ ವಿಶ್ವವಿದ್ಯಾಲಯದಲ್ಲಿ ಮಸಾಯೋಷಿ ತೊಮಿಝುಕಾ, ರೊಬರ್ಟೊ ಹೊರೊವಿಟ್ಸ್ ಮತ್ತವರ ವಿದ್ಯಾರ್ಥಿ ಕಾರ್ಲೊ ಕ್ಲೂಟ್ 2000ದ ಆಸುಪಾಸಿನಲ್ಲಿ ಇದನ್ನು ಗಣಿತಕ್ಕೆ ಇಳಿಸಿದರು. ತೊಡಕಿರುವುದು ಹಾಳೆ ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವಾಗ. ತಲೆ ಒಂದು ರೋಲರಿನ ಕೈಯಲ್ಲಿ, ಬಾಲ ಇನ್ನೊಂದರ ಕೈಯಲ್ಲಿ. ಇಬ್ಬರೂ ಬೇರೆ ಬೇರೆ ವೇಗದಲ್ಲಿ ಎಳೆದರೆ ಹಾಳೆ ಹರಿಯುತ್ತದೆ, ಇಲ್ಲವೇ ಮಡಚುತ್ತದೆ. ಹಾಗಾಗಿ ತಿದ್ದುವ ಕೆಲಸ ಎಲ್ಲ ಒಬ್ಬನೇ ಹಿಡಿದಿರುವ ಗಳಿಗೆಯಲ್ಲೇ ಮುಗಿಯಬೇಕು.

ನೆದರ್ಲ್ಯಾಂಡ್ಸಿನ ವೆನ್ಲೋ ಊರಿನ ಓಸೆ ಕಂಪೆನಿಯೂ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯವೂ ಇನ್ನೊಂದು ಹೆಜ್ಜೆ ಇಟ್ಟವು. ಅದುವರೆಗೆ ಅಳೆಯುತ್ತಿದ್ದುದು ಮೋಟಾರು ಎಷ್ಟು ತಿರುಗಿತು ಎಂಬುದನ್ನು. ಮೋಟಾರು ಸರಿಯಾಗಿ ತಿರುಗಿದ ಮಾತ್ರಕ್ಕೆ ಕಾಗದ ಸರಿಯಾಗಿ ಸರಿಯಿತೆಂದು ಅರ್ಥವೇ? ಸವೆದ ರೋಲರಿನ ಲೆಕ್ಕ ಮೇಲೆ ನೋಡಿದಿರಲ್ಲ. 2007ರಲ್ಲಿ ಬ್ಯೋರ್ನ್ ಬುಕ್ಕೆಮ್ಸ್ ಅಲ್ಲಿ ಸಲ್ಲಿಸಿದ ಪ್ರಬಂಧ, ಹಾಳೆಯ ಸ್ಥಾನವನ್ನೇ ಅಳೆದು ಅದರಂತೆ ಮೋಟಾರಿಗೆ ಹೊಸ ಗುರಿ ಕೊಡುವ ಎರಡು ಹಂತದ ನಿಯಂತ್ರಣವನ್ನು ವಿವರಿಸುತ್ತದೆ. ಮೇಲಿನವನು ಹಾಳೆಯನ್ನು ನೋಡುತ್ತಾನೆ, ಕೆಳಗಿನವನು ಮೋಟಾರನ್ನು ನೋಡುತ್ತಾನೆ. ರೋಲರು ಸವೆದರೂ ಮೇಲಿನವನು ಸರಿದೂಗಿಸುತ್ತಾನೆ. ಓಸೆ 2010ರಲ್ಲಿ ಕ್ಯಾನನ್ನಿನ ಪಾಲಾಯಿತು, 2020ರಲ್ಲಿ ಹೆಸರೂ ಬದಲಾಯಿತು.

ಪಾರ್ಕ್‌ನವರು ಸುಮಾರು ಅದೇ ಕಾಲಕ್ಕೆ ರೋಲರೇ ಬೇಡ ಎಂದು ಹೊರಟಿದ್ದರು. ಒಂದು ಅಡಿ ಚೌಕದ ಹಲಗೆಯಲ್ಲಿ 1152 ಗಾಳಿಯ ರಂಧ್ರಗಳು, ಕಾಗದವನ್ನು ಕಾಣಲು 32,000 ಬೆಳಕಿನ ಸೆನ್ಸರುಗಳು. ಹಾಳೆ ಯಾವುದನ್ನೂ ಮುಟ್ಟದೆ ತೇಲುತ್ತಾ ಹೇಳಿದ ಕಡೆಗೆ ಸರಿಯುತ್ತಿತ್ತು. ಊದು ತಪ್ಪಿದರೆ ಕೆಟ್ಟುಹೋಗುತ್ತಿದ್ದ 914ರ ಮೊಮ್ಮಗ ಎನ್ನಬಹುದು, ಆದರೆ ಇವನಿಗೆ ಕಣ್ಣಿತ್ತು. ಅಂಗಡಿಗೆ ಬರುವ ಸರಕಲ್ಲ ಅದು. ಬೆಲೆಯ ದೃಷ್ಟಿಯಿಂದ ರಬ್ಬರು ರೋಲರನ್ನು ಸೋಲಿಸುವುದು ಕಷ್ಟ.

ಅವರ ಇನ್ನೊಂದು ಪ್ರಯೋಗ ನಮಗೆ ಹೆಚ್ಚು ಇಷ್ಟ. ನಾಲ್ಕು ಅಚ್ಚಿನ ಎಂಜಿನ್ನುಗಳನ್ನು ಒಟ್ಟು ಸೇರಿಸಿ, ನಡುವೆ ಕವಲು ದಾರಿಗಳನ್ನು ಹಾಸಿ, 170ಕ್ಕೂ ಹೆಚ್ಚು ಸ್ವತಂತ್ರ ತುಣುಕುಗಳ ಒಂದು ಪ್ರಿಂಟರು ಕಟ್ಟಿದರು. ನಿಮಿಷಕ್ಕೆ 220 ಪುಟ. ವೀಲರ್ ರಮ್ಲ್, ಮಿನ್ ಡೊ, ಮಾರ್ಕಸ್ ಫ್ರೋಮ್‌ಹರ್ಟ್ಸ್ ಇವರು 2005ರಿಂದ ಇದರ ಬಗ್ಗೆ ಬರೆದಿದ್ದಾರೆ. ಇದನ್ನು ತಿಳಿಯಲು ರೈಲು ನೆನೆಸಿಕೊಳ್ಳಿ. ಹಳೆಯ ಕಾಪಿಯರ್ ವೇಳಾಪಟ್ಟಿಯೊಂದನ್ನೇ ನಂಬಿ ಓಡಿಸುವ ಸಿಂಗಲ್ ಲೈನು. ಒಂದು ಗಾಡಿ ತಡವಾದರೆ ಇಡೀ ಲೈನು ಬಂದ್. ಇಲ್ಲಿ ಹಾಗಲ್ಲ. ಪ್ರತಿ ಹಾಳೆ ಹೊರಡುವ ಮುಂಚೆಯೇ ಅದರ ಇಡೀ ಪ್ರಯಾಣವನ್ನು ಕಂಪ್ಯೂಟರು ಸೆಕೆಂಡಿನೊಳಗೆ ಗೊತ್ತುಮಾಡುತ್ತದೆ, ಎರಡು ಹಾಳೆ ಒಂದೇ ಜಾಗದಲ್ಲಿ ಎದುರಾಗದಂತೆ, ಪುಟಗಳು ಕ್ರಮ ತಪ್ಪದೆ ಹೊರಬರುವಂತೆ. ಒಂದು ತುಣುಕು ಕೆಟ್ಟರೆ, ಆಗಲೇ ಓಡುತ್ತಿರುವ ಹಾಳೆಗಳಿಗೆ ಬೇರೆ ದಾರಿ ಹುಡುಕುತ್ತದೆ. ಆಟಿಕೆಯ ಸಮಸ್ಯೆಗಳ ಮೇಲೆ ಪ್ರಯೋಗಿಸುತ್ತಿದ್ದ ಕೃತಕ ಬುದ್ಧಿಮತ್ತೆಯ ಯೋಜನಾ ಶಾಸ್ತ್ರ, ಗಡುವು ಮೀರಿದರೆ ಕಾಗದ ಹರಿಯುವ ಜಾಗಕ್ಕೆ ಬಂದು ಗೆದ್ದಿತು. ಆ ಯಂತ್ರ ಆ ರೂಪದಲ್ಲಿ ಮಾರುಕಟ್ಟೆಗೆ ಬರಲಿಲ್ಲ. ಎರಡು ಎಂಜಿನ್ನು ಜೋಡಿಸಿ, ಒಂದು ನಿಂತರೂ ಇನ್ನೊಂದು ಕೆಲಸ ಮುಂದುವರಿಸುವ ನ್ಯುವೆರಾ 288 ಮಾತ್ರ ಅದೇ ದಶಕದಲ್ಲಿ ಬಂತು. ಪಾರ್ಕ್ ಸಂಸ್ಥೆಯನ್ನು ಜೆರಾಕ್ಸ್ 2023ರಲ್ಲಿ ಎಸ್‌ಆರ್‌ಐ ಸಂಸ್ಥೆಗೆ ದಾನವಾಗಿ ಕೊಟ್ಟಿತು.

ನಮ್ಮ ಪೇಟೆಯ ಅಂಗಡಿಗಳಿಗೆ ಇದರಲ್ಲಿ ಎಷ್ಟು ಇಳಿದು ಬಂದಿದೆ? ಅಲ್ಲಿರುವುದರಲ್ಲಿ ಬಹುಪಾಲು ವಿದೇಶದ ಕಚೇರಿಗಳು ಬಳಸಿ ಬಿಟ್ಟು, ಹಡಗಿನಲ್ಲಿ ಬಂದು, ಇಲ್ಲಿ ಒರೆಸಿ ಮಾರಿದ ಯಂತ್ರಗಳು. ಅವುಗಳಲ್ಲಿ ಬೇರೆ ಬೇರೆ ಮೋಟಾರುಗಳಿವೆ, ಯಾವ ಸೆನ್ಸರಿನ ಬಳಿ ಹಾಳೆ ತಡವಾಯಿತೆಂದು ಪರದೆಯ ಮೇಲೆ ಚಿತ್ರ ತೋರಿಸುತ್ತವೆ, ಯಾವ ಟ್ರೇಯಿಂದ ಎಷ್ಟು ಸಲ ಜಾಮ್ ಆಯಿತೆಂಬ ಲೆಕ್ಕ ನೆನಪಿನಲ್ಲಿರುತ್ತದೆ. ದಪ್ಪ ಕಾಗದ, ತೆಳು ಕಾಗದ ಎಂದು ಮೊದಲೇ ತಿಳಿಸಿದರೆ ವೇಗವನ್ನೂ ಬಿಸಿಯನ್ನೂ ಬದಲಿಸಿಕೊಳ್ಳುತ್ತವೆ. ನಮ್ಮಲ್ಲಿ ಬಹಳ ಮಂದಿ ಆ ಆಯ್ಕೆಯನ್ನು ಮುಟ್ಟುವುದೇ ಇಲ್ಲ. ಕಾಗದದ ಮೂಲಕ ಶ್ರವಣಾತೀತ ಧ್ವನಿ ಹಾಯಿಸಿ ಎರಡು ಹಾಳೆ ಒಟ್ಟಿಗೆ ಬಂದುದನ್ನು ಹಿಡಿಯುವ ಸೆನ್ಸರು ಒಳ್ಳೆಯ ಸ್ಕ್ಯಾನರುಗಳಲ್ಲಿ ಮಾಮೂಲಾಗಿದೆ. ಎರಡು ಹಾಳೆಯ ನಡುವೆ ಗಾಳಿಯ ಪದರ ಇದ್ದರೆ ಧ್ವನಿ ಕ್ಷೀಣವಾಗುತ್ತದೆ, ಅಷ್ಟೇ ತತ್ತ್ವ. ಹಾಳೆಯ ತೇವವನ್ನೇ ಅಳೆದು ಅದರಂತೆ ನಡೆಯುವ ಏರ್ಪಾಡು ದೊಡ್ಡ ಮುದ್ರಣಾಲಯದ ಯಂತ್ರಗಳಲ್ಲಿ ಕಾಣಿಸಿಕೊಂಡಿದೆ. ಅಂಗಡಿಯವರ ಮಟ್ಟಿಗೆ ಮಳೆಗಾಲದ ಉಪಾಯ ಹಳೆಯದೇ: ಬೇಕಾದಷ್ಟೇ ಹಾಳೆಯನ್ನು ಕಟ್ಟಿನಿಂದ ತೆಗೆದು, ಗಾಳಿಯಾಡಿಸಿ ಟ್ರೇಗೆ ಇಟ್ಟು, ಉಳಿದದ್ದನ್ನು ಅದೇ ಮೇಣದ ಹೊದಿಕೆಯಲ್ಲಿ ಮತ್ತೆ ಸುತ್ತಿಡುವುದು.